ಸೈರನ್ ಆದ ಮೇಲೆ ಮಾತಾಡೋಣ

ನಮ್ಮ ಬೀದಿಯಲ್ಲಿ ಜಗಳಕ್ಕೆ ದಿನ ಗೊತ್ತು ಮಾಡಿಕೊಳ್ಳುತ್ತೇವೆ ಎಂದರೆ ನೀವು ನಗುತ್ತೀರಿ. ನಗಿ, ಬೇಡ ಎನ್ನುವುದಿಲ್ಲ. ಒಂದು ತಿಂಗಳು ಇಲ್ಲಿ ಬಂದು ಇರಿ, ಆಮೇಲೆ ನೀವೂ ಕ್ಯಾಲೆಂಡರಿನ ಮುಂದೆ ನಿಲ್ಲುತ್ತೀರಿ.

ಬೆಟ್ಟದ ಇಳಿಜಾರಿನಲ್ಲಿ ಒಂದಕ್ಕೊಂದು ಅಂಟಿಕೊಂಡ ಎಂಟು ಮನೆಗಳು ನಮ್ಮವು. ಎರಡೆರಡು ಮನೆಗಳ ನಡುವೆ ಒಂದೇ ಗೋಡೆ, ಅದೂ ಮೊಳೆ ಹೊಡೆದರೆ ಆಚೆ ಮನೆಯಲ್ಲಿ ತುದಿ ಕಾಣುವಂಥದ್ದು. ನಾನು ಇಲ್ಲಿ ಸೀನಿದರೆ ಮೂರನೇ ಮನೆಯಿಂದ "ಶೀತ ಆಯ್ತಾ?" ಎಂದು ಕೇಳುತ್ತಾರೆ. ಎದುರುಮನೆಯ ಅಂಚೆಯಣ್ಣ ರಾತ್ರಿ ಎಷ್ಟು ಸಲ ಮಗ್ಗುಲು ಬದಲಿಸಿದ ಎಂಬುದು ಬೆಳಿಗ್ಗೆ ಹಾಲು ತರಲು ಹೋದಾಗ ಚರ್ಚೆಯಾಗುತ್ತದೆ. ಇಂಥ ಜಾಗದಲ್ಲಿ ಗಂಡ ಹೆಂಡತಿ, ಅತ್ತೆ ಸೊಸೆ ಮನಸ್ಸು ಬಿಚ್ಚಿ ಜಗಳ ಆಡುವುದಾದರೂ ಎಲ್ಲಿ, ಹೇಳಿ? ಪಿಸುಮಾತಿನಲ್ಲಿ ಆಡಿದರೆ ಅದು ಜಗಳವೇ ಅಲ್ಲ.

ಪುಣ್ಯಕ್ಕೆ ಬೀದಿಯ ಕೊನೆಗೆ ತಂತಿಬೇಲಿ ಇದೆ, ಬೇಲಿಯಾಚೆ ರೇಸ್ ಟ್ರ್ಯಾಕು. ಒಂಬತ್ತು ವರ್ಷದ ಹಿಂದೆ ಮೂರು ಗುಡ್ಡ ಕಡಿದು ಮಾಡಿದ್ದು. ಕಪ್ಪು ರಸ್ತೆ ಹತ್ತುತ್ತದೆ, ಇಳಿಯುತ್ತದೆ, ಹದಿನಾಲ್ಕು ಕಡೆ ತಿರುಗುತ್ತದೆ. ಗಾಜಿನ ಕಟ್ಟಡ, ದೊಡ್ಡ ಪರದೆ, ಜನ ಕೂರಲು ಹುಲ್ಲಿನ ದಿಬ್ಬ, ಎಲ್ಲ ಹೊಸ ಮಾದರಿಯದು. ಇರುವುದರಲ್ಲೆಲ್ಲ ಕಡಿದಾದ ಏರು ನಮ್ಮ ಮನೆಗಳ ಕೆಳಗೇ ಬರುತ್ತದೆ. ಅಲ್ಲಿ ಪ್ರತಿಯೊಬ್ಬ ಚಾಲಕನೂ ಕಾಲನ್ನು ಪೂರ್ತಿ ಒತ್ತುತ್ತಾನೆ. ಇಪ್ಪತ್ತು ಕಾರು ಒಟ್ಟಿಗೆ ಆ ಏರು ಹತ್ತಿದರೆ ತಟ್ಟೆ ಲೋಟ ಕಪಾಟಿನಲ್ಲಿ ಕುಣಿಯುತ್ತವೆ, ಗುಂಡುಸೂಜಿಯ ಡಬ್ಬಿ ಮೇಜಿನ ಮೇಲೆ ತಾನೇ ನಡೆದುಕೊಂಡು ಹೋಗುತ್ತದೆ.

ಮೊದಲ ವರ್ಷ ಬೀದಿಯವರೆಲ್ಲ ಸೇರಿ ಸದ್ದು ತಾಳಲಾರೆವು ಎಂದು ಅರ್ಜಿ ಮೇಲೆ ಅರ್ಜಿ ಬರೆದೆವು. ಎರಡನೇ ವರ್ಷ, ಆ ಸದ್ದಿನಲ್ಲಿ ಗಂಟಲು ಹರಿದುಕೊಂಡು ಕೂಗಿದರೂ ಪಕ್ಕದ ಮನೆಗೆ ಕೇಳಿಸುವುದಿಲ್ಲ ಎಂಬುದು ಯಾರಿಗೋ ಹೊಳೆಯಿತು. ಅರ್ಜಿ ಬರೆಯುವುದು ಅಲ್ಲಿಗೆ ನಿಂತಿತು.

ಈಗ ಅದು ಬೀದಿಯ ಕಟ್ಟಳೆ. ವಾರದ ನಡುವೆ ಯಾರದಾದರೂ ದನಿ ಏರಿತೋ, ಇನ್ನೊಬ್ಬರು ಕೈ ಅಡ್ಡ ಹಿಡಿದು "ಸೈರನ್ ಆದ ಮೇಲೆ ಮಾತಾಡೋಣ" ಅನ್ನುತ್ತಾರೆ. ಓಟದ ಭಾನುವಾರ ಟ್ರ್ಯಾಕಿನ ಆಫೀಸಿನವರು ಕಿವಿಗೆ ಹಾಕಿಕೊಳ್ಳಲು ಹಳದಿ ಸ್ಪಂಜಿನ ಬೆಣೆಗಳನ್ನು ಮನೆಮನೆಗೆ ಹಂಚುತ್ತಾರೆ. ಗಾಜು ಒಡೆಯದಿರಲೆಂದು ಕಿಟಕಿ ಬಾಗಿಲು ತೆರೆದಿಡಿ ಎನ್ನುತ್ತಾರೆ. ಹನ್ನೊಂದಕ್ಕೆ ಸೈರನ್ ಆಗುತ್ತದೆ, ಎಂಟೂ ಮನೆಯಲ್ಲಿ ಎಂಟು ಜಗಳ ಶುರುವಾಗುತ್ತವೆ. ಎದುರಿನವರ ತುಟಿ ನೋಡಿಯೇ ಬೈಗುಳ ತಿಳಿದುಕೊಳ್ಳುವಷ್ಟು ನಾವು ಪಳಗಿದ್ದೇವೆ. ಗೆದ್ದವನಿಗೆ ಬಾವುಟ ಬೀಸಿದೊಡನೆ ಜಗಳ ಬಂದ್. ಮಿಕ್ಕಿದ್ದು ಮುಂದಿನ ಓಟಕ್ಕೆ.

ಇನ್ನು ನಮ್ಮ ಮನೆಯ ವಿಷಯ. ನಮ್ಮದು ಹೊಲಿಗೆಯ ಮನೆ. ಚಾಲಕರು ಹಾಕುವ, ಬೆಂಕಿ ಹತ್ತದ ಮೇಲಂಗಿಗಳನ್ನು ನಾವು ರಿಪೇರಿ ಮಾಡುತ್ತೇವೆ, ಅಳತೆ ಸರಿ ಮಾಡುತ್ತೇವೆ, ಹೊಸದನ್ನೂ ಹೊಲಿಯುತ್ತೇವೆ. ಅದಕ್ಕೆ ದಾರವೂ ಬೇರೆ. ಮಾಮೂಲಿ ದಾರ ಹಾಕಿದರೆ ಬಟ್ಟೆ ಸುಡುವುದಿಲ್ಲ, ಹೊಲಿಗೆ ಕರಗಿ ಅಂಗಿ ಬಾಯಿ ಬಿಡುತ್ತದೆ. ಟ್ರ್ಯಾಕಿನಲ್ಲಿ ಎಲ್ಲರೂ ನಮ್ಮ ಅತ್ತೆಯನ್ನು "ಸೂಜಿಯಮ್ಮ" ಎನ್ನುತ್ತಾರೆ. ಹೊರದೇಶದಿಂದ ಬಂದವರೂ ಅವರ ಕೈ ಹಿಡಿದು ಕುಲುಕಿ ಹೋಗುತ್ತಾರೆ. ಗೋಡೆಯ ಮೇಲೆ ಫೋಟೋಗಳ ಸಾಲೇ ಇದೆ. ಎಲ್ಲದರಲ್ಲೂ ಅತ್ತೆ ನಡುವೆ, ಗೆದ್ದವನು ಪಕ್ಕದಲ್ಲಿ. ಎರಡರಲ್ಲಿ ನನ್ನ ಮೊಣಕೈ ಕಾಣುತ್ತದೆ.

ಆರು ವರ್ಷದಿಂದ ಅತ್ತೆ ಒಂದೇ ಒಂದು ಹೊಲಿಗೆ ಹಾಕಿಲ್ಲ. ಕಣ್ಣು ಹೋಗಿದೆ. ಪೂರ್ತಿ ಅಲ್ಲ, ಆಳು ಬಂದರೆ ನೆರಳಿನ ಹಾಗೆ ಕಾಣುತ್ತದೆ, ಸೂಜಿಯ ಕಣ್ಣಂತೂ ಕಾಣುವುದೇ ಇಲ್ಲ. ಇದು ನನಗೆ ಗೊತ್ತು, ನಮ್ಮ ಮನೆಯವರಿಗೆ ಗೊತ್ತು, ಹೊರಗೆ ಒಬ್ಬರಿಗೂ ಗೊತ್ತಿಲ್ಲ. ಆ ನಾಟಕ ನೋಡಬೇಕು ನೀವು! ಚಾಲಕ ಬಂದು ನಿಂತರೆ ಅತ್ತೆ ಟೇಪನ್ನು ಅವನ ಎದೆಗೆ ಸುತ್ತಿ ನನ್ನ ಕಡೆ ತಿರುಗಿ, "ಎಷ್ಟಿದೆ? ನೋಡಿ ಹೇಳು, ಕಲಿ" ಎನ್ನುತ್ತಾರೆ. ನಾನು ನೋಡಿ ಹೇಳುತ್ತೇನೆ. "ಹೂಂ, ಸರಿ ಹೇಳ್ದೆ" ಎಂದು ತಲೆಯಾಡಿಸುತ್ತಾರೆ. ಚಾಲಕ ನನ್ನನ್ನು ಕರುಣೆಯಿಂದ ನೋಡುತ್ತಾನೆ, ಪಾಪ, ಇನ್ನೂ ಕಲಿಯುತ್ತಿದ್ದಾಳೆ ಎಂದು. ಮೈಯೆಲ್ಲ ಉರಿದುಹೋಗುತ್ತದೆ ನನಗೆ.

ಇಷ್ಟು ದಿನ ಉರಿದುಕೊಂಡೇ ಇದ್ದೆ, ಇರಲಿ. ಆದರೆ ಒಂದು ಓಟದ ವಾರ ಟ್ರ್ಯಾಕಿನ ಆಫೀಸಿನ ಮೇಡಂ ಮನೆಗೆ ಬಂದರು. ಟ್ರ್ಯಾಕಿನ ಒಳಗೇ ಒಂದು ಹೊಲಿಗೆ ಕೋಣೆ ತೆರೆಯುತ್ತಿದ್ದಾರಂತೆ. ದೊಡ್ಡ ಕಿಟಕಿ, ನಾಲ್ಕು ಹೊಸ ಮಿಷನ್ನು, ಇಬ್ಬರು ಸಹಾಯಕರು. ಬಾಗಿಲ ಮೇಲೆ ಕೋಣೆ ನೋಡಿಕೊಳ್ಳುವವರ ಹೆಸರಿನ ಫಲಕ ಹಾಕುತ್ತಾರಂತೆ.

"ಭಾನುವಾರ ಓಟ ಶುರುವಾದ ಮೇಲೆ ಕಾಗದ ತಗೊಂಡು ಬರ್ತೀನಿ, ಸೂಜಿಯಮ್ಮ. ಅವತ್ತೇ ಹೆಸರು ಬರೆದು ಸಹಿ ಹಾಕಿ. ಸೋಮವಾರಕ್ಕೆ ಹೋದ್ರೆ ಹೊರಗಿನ ಕಂಪನಿಗೆ ಕೊಟ್ಟುಬಿಡ್ತಾರೆ" ಎಂದು ಹೇಳಿ ಹೋದರು.

ಬಾಗಿಲು ಮುಚ್ಚಿದ್ದೇ ತಡ, ಕೇಳಿಯೇಬಿಟ್ಟೆ. "ಅತ್ತೆ, ಕಾಗದದಲ್ಲಿ ನನ್ನ ಹೆಸರು ಬರೀಬೇಕು."

"ಯಾಕೆ, ನನ್ನ ಹೆಸರಿಗೆ ಏನಾಗಿದೆ?"

"ಹೊಲಿಯೋಳು ನಾನು. ಅಲ್ಲಿ ಎಲ್ಲರ ಮುಂದೆ ಕೂತು ಹೊಲೀಬೇಕು. ನೀವು ಹೇಗೆ..."

ಅತ್ತೆ ಗೋಡೆಯ ಕಡೆ ಕೈ ತೋರಿಸಿ, ಬೆರಳು ತುಟಿಯ ಮೇಲಿಟ್ಟುಕೊಂಡರು. "ಸೈರನ್ ಆದ ಮೇಲೆ ಮಾತಾಡೋಣ."

ಮೂರು ದಿನ ನಾನು ಜಗಳ ತಯಾರು ಮಾಡಿಕೊಂಡೆ. ಕಾಜಾ ಹೊಲಿಯುತ್ತ ಒಂದು ವಾಕ್ಯ, ಜಿಪ್ಪು ಕೂರಿಸುತ್ತ ಇನ್ನೊಂದು. ಆ ಫಲಕದ ಮೇಲೆ ನನ್ನ ಹೆಸರು ಬರದಿದ್ದರೆ ನಾನು ಸಾಯುವ ತನಕ ಮೊಣಕೈಯಾಗಿಯೇ ಉಳಿಯುತ್ತೇನೆ ಎಂದು ಗೊತ್ತಿತ್ತು. ನಮ್ಮ ಮನೆಯವರನ್ನು ಕೇಳಿ ಪ್ರಯೋಜನವಿಲ್ಲ. ಅವರು ಟ್ರ್ಯಾಕಿನಲ್ಲಿ ಟೈರು ಬದಲಿಸುವ ಕೆಲಸದವರು. ಮೂರು ಸೆಕೆಂಡಿನಲ್ಲಿ ಚಕ್ರ ಬಿಚ್ಚಿ ಹಾಕುತ್ತಾರೆ, ತಾಯಿ ಹೆಂಡತಿ ನಡುವೆ ಒಂದು ಮಾತು ಆಡಲು ಹನ್ನೊಂದು ವರ್ಷ ಸಾಲಲಿಲ್ಲ.

ಶುಕ್ರವಾರ ಅಭ್ಯಾಸದ ಓಟ ಇರಬೇಕಿತ್ತು. ಒಂದು ಸದ್ದೂ ಇಲ್ಲ. ಬೆಟ್ಟದ ಮೇಲೆ ಮಂಜು ಕೂತಿತ್ತು. ಅದಕ್ಕೇ ಓಡಿಸಲಿಲ್ಲವೇನೋ ಎಂದು ಬೀದಿಯವರೆಲ್ಲ ಅಂದುಕೊಂಡೆವು. ಸಂಜೆ ನಮ್ಮ ಮನೆಯವರು ಬಂದು ಕೈ ತೊಳೆದು ಊಟಕ್ಕೆ ಕೂತರು. ಅವರು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಭಾನುವಾರ ಬಿಸಿಲು ಚೆನ್ನಾಗಿ ಬಂತು. ಬೇಲಿಯಾಚೆಯ ದಿಬ್ಬದ ತುಂಬ ಜನ ಕೂತಿದ್ದರು. ಎದುರುಮನೆಯಲ್ಲಿ ಅಂಚೆಯಣ್ಣ ತೋಳು ಮಡಚುತ್ತಿದ್ದ, ಅವನ ಹೆಂಡತಿ ಕೂದಲು ಬಿಗಿಯಾಗಿ ಕಟ್ಟಿಕೊಳ್ಳುತ್ತಿದ್ದಳು. ಅವಳು ಕೂದಲು ಕಟ್ಟಿದಳೆಂದರೆ ವಿಷಯ ದೊಡ್ಡದು. ಪಕ್ಕದ ಮನೆಯ ಮೇಷ್ಟ್ರು ಬಿಸಿನೀರು ಕುಡಿದು ಗಂಟಲು ಸರಿಮಾಡಿಕೊಳ್ಳುತ್ತಿದ್ದುದು ಗೋಡೆಯಿಂದ ಕೇಳಿಸಿತು. ಈ ಸಲ ಬೆಣೆ ಹಂಚಲು ಯಾರೂ ಬಂದಿರಲಿಲ್ಲ, ನಾನು ಹೋದ ಸಲದ್ದನ್ನೇ ಕಿವಿಗೆ ಒತ್ತಿದೆ. ಅತ್ತೆ ಎಂದಿನಂತೆ ಚಳಿಗೆ ಕಿವಿ ಮುಚ್ಚಿ ಸ್ಕಾರ್ಫ್ ಸುತ್ತಿಕೊಂಡು ಮಿಷನ್ನಿನ ಮುಂದಿನ ಸ್ಟೂಲಿನ ಮೇಲೆ ಕೂತಿದ್ದರು. ಬೆಣೆ ತೂರಿಕೊಂಡು ಸೈರನ್ ಸಣ್ಣಗೆ ಕೇಳಿಸಿತು.

"ಆರು ವರ್ಷ!" ಎಂದು ನಾನು ಶುರು ಮಾಡಿದೆ. "ಆರು ವರ್ಷ ನಾನು ಹೊಲಿದೆ, ನೀವು ಫೋಟೋ ತೆಗೆಸ್ಕೊಂಡ್ರಿ!"

ಅತ್ತೆ ಎದ್ದು ನಿಂತು ಬಾಯಿ ಬಿಟ್ಟರು. ತುಟಿ ಓದಿದೆ. "ಮಿಷನ್ ಮೇಲೆ ಕೂರೋದು ಕಲಿಸಿದ್ದು ಯಾರೇ ನಿನಗೆ? ಬಂದಾಗ ಗುಂಡಿ ಹೊಲಿಯಕ್ಕೂ ಬರ್ತಿರ್ಲಿಲ್ಲ! ದಿಂಬಿನ ಚೀಲ ಹೊಲಿ ಅಂದ್ರೆ ನಾಲ್ಕೂ ಕಡೆ ಹೊಲಿದು ಮುಚ್ಚಿದ್ದೆ!"

"ಒಂದು ಸಲ! ಒಂದೇ ಒಂದು ಸಲ!"

"ದಿಂಬು ಹೊರಗೇ ಉಳೀತು!"

"ಈಗ ಮಾತಾಡ್ತಿರೋದು ದಿಂಬಿನ ವಿಷ್ಯ ಅಲ್ಲ! ಕುರುಡಿ ಥರ ಕೂತ್ಕೊಂಡು ಯಜಮಾನಿಕೆ ಮಾಡ್ತೀರಲ್ಲ, ಅದರ ವಿಷ್ಯ!"

ಆ ಮಾತು ನನ್ನ ಬಾಯಿಂದ ಬಂತು, ಸುಳ್ಳು ಹೇಳುವುದಿಲ್ಲ. ಅಷ್ಟು ತಯಾರಿ ಮಾಡಿದ್ದರಲ್ಲಿ ಅದು ಇರಲಿಲ್ಲ. ಅತ್ತೆಯ ಮುಖ ಸಣ್ಣದಾಯಿತು. ನಾನು ಕಣ್ಣು ತಪ್ಪಿಸಿ ಮೇಜಿನ ಕಡೆ ನೋಡಿದೆ. ಗುಂಡುಸೂಜಿಯ ಡಬ್ಬಿ ಇಟ್ಟಲ್ಲೇ ಇತ್ತು.

ಅಲುಗಾಡುತ್ತಿರಲಿಲ್ಲ. ಪಕ್ಕದ ಲೋಟದ ನೀರೂ ಸುಮ್ಮನೆ ನಿಂತಿತ್ತು. ಕಿಟಕಿಯಾಚೆ ನೋಡಿದೆ, ಬಣ್ಣಬಣ್ಣದ ಕಾರುಗಳು ಸಾಲಾಗಿ ಏರು ಹತ್ತುತ್ತಿದ್ದವು. ಇದೇನಪ್ಪಾ ಎಂದು ಒಂದು ಕಿವಿಯ ಬೆಣೆ ಕಿತ್ತೆ.

ಅಯ್ಯೋ, ಏನು ಹೇಳಲಿ ನಿಮಗೆ! ಕಾರುಗಳಿಂದ ಬರುತ್ತಿದ್ದುದು ದೂರದ ಮನೆಯಲ್ಲಿ ಮಿಕ್ಸಿ ತಿರುಗಿಸಿದಷ್ಟು ಸದ್ದು. ಕರೆಂಟಿನ ಕಾರುಗಳು! ಉಳಿದ ಬೆಟ್ಟ ಪೂರ್ತಿ ನಮ್ಮ ಬೀದಿಯೇ ಕೂಗುತ್ತಿತ್ತು. ಎಲ್ಲರ ಕಿವಿಯಲ್ಲೂ ಬೆಣೆ, ಎಲ್ಲರ ಬಾಯಲ್ಲೂ ಬೆಂಕಿ.

"ನಿಮ್ಮಕ್ಕ ಬಂದು ಮೂರು ತಿಂಗಳು ಇರ್ತೀನಿ ಅಂತ ಬರೆದ ಕಾಗದ ನನ್ನ ಚೀಲದಲ್ಲೇ ಇದೆ ಕಣೇ! ನಾಲ್ಕು ಕಾಗದ! ನಾಲ್ಕೂ ನಾನೇ ಮುಚ್ಚಿಟ್ಟೆ!" ಇದು ಅಂಚೆಯಣ್ಣ.

"ಹಲ್ಲಿನ ಸೆಟ್ಟು ಬಿಚ್ಚಿ ನನ್ನ ಕಾಫಿ ಲೋಟದಲ್ಲಿ ಯಾಕ್ರೀ ಹಾಕ್ತೀರ!" ಇದು ಮೇಷ್ಟ್ರ ಹೆಂಡತಿ. ಮೇಷ್ಟ್ರಿಗೆ ಕಟ್ಟಿಸಿದ ಹಲ್ಲು ಎಂದು ನಮಗೆ ಆ ಕ್ಷಣದವರೆಗೂ ಗೊತ್ತಿರಲಿಲ್ಲ.

ಬೇಲಿಯಾಚೆ ದಿಬ್ಬದ ಮೇಲಿನ ಜನ ಕಾರುಗಳಿಗೆ ಬೆನ್ನು ತಿರುಗಿಸಿ ನಮ್ಮ ಕಡೆ ಮುಖ ಮಾಡಿ ಕೂತಿದ್ದರು. ಕೆಲವರು ಇನ್ನೂ ಚೆನ್ನಾಗಿ ಕಾಣಲೆಂದು ಬೇಲಿಯ ಹತ್ತಿರ ಸರಿಯುತ್ತಿದ್ದರು. ನಮ್ಮ ಬಾಗಿಲ ಮೆಟ್ಟಿಲ ಕೆಳಗೆ ಆಫೀಸಿನ ಮೇಡಂ ಕೈಯಲ್ಲಿ ಫೈಲು ಹಿಡಿದು, ಹತ್ತಲೋ ಬೇಡವೋ ಎಂದು ಒಂದು ಕಾಲು ಎತ್ತಿ ನಿಂತಿದ್ದರು. ಅತ್ತೆ ಮಾತ್ರ ಬಾಗಿಲಿಗೆ ಬೆನ್ನು ಹಾಕಿ ನಿಂತು ಒಂದೇ ಸಮ ಕೂಗುತ್ತಿದ್ದರು.

ಒಳ್ಳೆಯ ಸೊಸೆಯಾದವಳು ಏನು ಮಾಡಬೇಕಿತ್ತು? ಓಡಿಹೋಗಿ ಅವರ ಬಾಯಿ ಮುಚ್ಚಬೇಕಿತ್ತು. ಹಾಗೆ ಮಾಡಬೇಕೆಂದು ನನಗೂ ಅನ್ನಿಸಿತು, ಆಣೆ ಮಾಡಿ ಹೇಳುತ್ತೇನೆ. ಆದರೆ ಅದಕ್ಕಿಂತ ಮೊದಲು ಇನ್ನೊಂದು ಅನ್ನಿಸಿಬಿಟ್ಟಿತು. ಇನ್ನೊಂದು ಕಿವಿಯ ಬೆಣೆಯನ್ನೂ ಮೆಲ್ಲಗೆ ಕಿತ್ತು ಮುಷ್ಟಿಯಲ್ಲಿ ಇಟ್ಟುಕೊಂಡೆ. ಅತ್ತೆ ಉಸಿರು ಎಳೆದುಕೊಳ್ಳಲು ನಿಂತರು. ನಾನು ಸುಮ್ಮನಿದ್ದೆ. ಇನ್ನೊಮ್ಮೆ ಉಸಿರಿಗೆ ನಿಂತರು. ಆಗ ಬಹಳ ಮೆತ್ತಗೆ ಕೇಳಿದೆ.

"ಹಾಗಾದ್ರೆ ಹೇಳಿಬಿಡಿ ಅತ್ತೆ. ಹೋದ ವರ್ಷ ಗೆದ್ದವನ ಆ ಬಿಳಿ ಅಂಗಿ ಹೊಲಿದಿದ್ದು ಯಾರು?"

"ನೀನೇ!" ಅತ್ತೆಯ ದನಿ ಬೆಟ್ಟಕ್ಕೆ ಬಡಿದು ವಾಪಸ್ಸು ಬಂತು. "ನೀನೇ ಕಣೇ ಹೊಲಿದಿದ್ದು! ಅದೂ ನಿಂದೇ, ಅದರ ಹಿಂದಿಂದೂ ನಿಂದೇ! ಆರು ವರ್ಷದಿಂದ ನನ್ನ ಕಣ್ಣಿಗೆ ಸೂಜಿ ಕಂಡಿಲ್ಲ! ಈ ಮನೆಯಿಂದ ಹೋದ ಒಂದೊಂದು ಅಂಗಿನೂ ನಿನ್ನ ಕೈದೇ! ನನಗಿಂತ ಚೆನ್ನಾಗಿ ಹೊಲೀತೀಯ, ಅದೂ ಗೊತ್ತು! ಆದ್ರೆ ಈ ಮಾತು ನನ್ನ ಬಾಯಿಂದ ಈ ಬೀದಿ ಯಾವತ್ತೂ ಕೇಳಲ್ಲ, ತಿಳ್ಕೋ!"

ಬೀದಿ ಕೇಳಿತು. ದಿಬ್ಬವೂ ಕೇಳಿತು. ಅಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ನಾಲ್ಕಾರು ಜನ ಸೇರಿಕೊಂಡರು. ಆ ಜನ ನಮ್ಮ ಮನೆಯನ್ನೇ ನೋಡುತ್ತಿರುವುದು ಅಂಚೆಯಣ್ಣನ ಕಣ್ಣಿಗೆ ಬಿದ್ದಿರಬೇಕು, ಅವನೂ ಬೆಣೆ ಕಿತ್ತ. ಆಮೇಲೆ ಒಂದೊಂದೇ ಮನೆಯಲ್ಲಿ ದನಿ ಅರ್ಧಕ್ಕೆ ನಿಂತಿತು. ಕೊನೆಗೆ ಉಳಿದವರು ಮೇಷ್ಟ್ರು. ಅವರು ಇನ್ನೂ ಒಂದು ನಿಮಿಷ ತಮ್ಮ ಹಲ್ಲಿನ ಪರವಾಗಿ ವಾದಿಸಿದರು, ಆಮೇಲೆ ಅವರೂ ನಿಂತರು. ಎಂಟು ಮನೆಯಲ್ಲಿ ಒಂದು ಚಮಚ ಬಿದ್ದರೂ ಕೇಳಿಸುವಷ್ಟು ಮೌನ. ಕಾರುಗಳು ಕುಯ್ ಎಂದುಕೊಂಡು ಏರು ಹತ್ತಿಹೋದವು.

ಗೆದ್ದೆ ಎಂದು ಎದೆ ಹಿಗ್ಗಿದ್ದು ನಿಜ. ಆಮೇಲೆ ಅತ್ತೆಯನ್ನು ನೋಡಿದೆ. ಸ್ಕಾರ್ಫಿನ ತುದಿ ಹಿಡಿದುಕೊಂಡು ನಡುಮನೆಯಲ್ಲಿ ಒಬ್ಬರೇ ನಿಂತಿದ್ದರು. ಅರವತ್ತೆಂಟು ವರ್ಷದ ಹೆಂಗಸಿನ ಮಾನವನ್ನು ಬೀದಿಗೆ ಸುರಿದಿದ್ದೆ, ಅದೂ ನಗುನಗುತ್ತ.

"ಅತ್ತೆ, ಹೊರಗೆ ಸದ್ದಿಲ್ಲ" ಎಂದೆ. "ಎಲ್ಲರಿಗೂ ಕೇಳಿಸಿಬಿಡ್ತು."

ಅತ್ತೆ ನಿಧಾನವಾಗಿ ಸ್ಟೂಲಿನ ಮೇಲೆ ಕೂತರು. ಸ್ಕಾರ್ಫ್ ಬಿಚ್ಚಿ ಮಡಿಲಲ್ಲಿಟ್ಟುಕೊಂಡರು. ಕಿವಿಯಲ್ಲಿ ಬೆಣೆ ಇರಲಿಲ್ಲ.

"ಗೊತ್ತು" ಎಂದರು.

"ಅತ್ತೆ, ನಿಮ್ಮ ಬೆಣೆ?" ಎಂದೆ.

"ನಾನು ಅದನ್ನ ಯಾವತ್ತೇ ಹಾಕ್ಕೊಂಡಿದ್ದೀನಿ? ನಿನ್ನ ಬಾಯಿ ನನಗೆ ಕಾಣುತ್ತಾ, ತುಟಿ ನೋಡಿ ಉತ್ತರ ಕೊಡಕ್ಕೆ? ಕಣ್ಣು ಹೋಗಿದೆ ಕಣೇ, ಕಿವಿ ಹೋಗಿಲ್ಲ. ಶುಕ್ರವಾರ ಮಂಜಲ್ಲಿ ಏನೋ ಕುಯ್ ಅಂತಿತ್ತು. ನಿನ್ನ ಗಂಡನ್ನ ಕೇಳ್ದೆ. ಕರೆಂಟಿನ ಕಾರು, ಭಾನುವಾರನೂ ಇವೇ ಅಂದ. ಯಾರಿಗೂ ಹೇಳ್ಬೇಡ ಅಂದೆ. ಅವನಿಗೆ ಅದೊಂದು ಕಷ್ಟದ ಕೆಲಸನಾ?"

ಆರು ವರ್ಷ ನನ್ನ ಮುಖವೇ ಕಾಣದವರು ನನ್ನ ಮಾತುಮಾತಿಗೂ ಸರಿಯಾಗಿ ಎದುರುತ್ತರ ಕೊಟ್ಟಿದ್ದು ಹೇಗೆ ಎಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ. ದಡ್ಡಿ ಎಂದರೆ ನಾನೇ.

"ಅಂದ್ರೆ... ಬೇಕಂತಲೇ ಕೂಗಿದ್ರಾ?"

"ಮತ್ತೆ? ಒಂದೊಂದು ಮನೆ ಬಾಗಿಲು ತಟ್ಟಿ, ನನಗೆ ಕಣ್ಣು ಕಾಣಲ್ಲ, ಹೊಲಿಯೋಳು ನನ್ನ ಸೊಸೆ ಅಂತ ಹೇಳ್ಕೊಂಡು ಬರ್ಲಾ? ನಾಲಿಗೆ ಏಳುತ್ತಾ ನಂಗೆ? ಜಗಳದಲ್ಲಾದ್ರೆ ಏನು ಬೇಕಾದ್ರೂ ಹೇಳಬಹುದು."

ನನ್ನ ಕಣ್ಣು ತುಂಬಿಕೊಂಡಿತು. ಅತ್ತೆ ಮುಂದೆ ಹೇಳಿದ್ದು ಮಾತ್ರ ಮೆಲುದನಿಯಲ್ಲಿ, ನನಗಷ್ಟೇ ಕೇಳುವ ಹಾಗೆ.

"ಆದ್ರೆ ನೀನು ತಡೀತೀಯ ಅಂದ್ಕೊಂಡಿದ್ದೆ. ಸುಮ್ನಿರಿ ಅತ್ತೆ, ಜನ ಕೇಳಿಸ್ಕೊಳ್ತಿದ್ದಾರೆ ಅಂತ ಓಡಿ ಬರ್ತೀಯ ಅಂತ ಎರಡು ಸಲ ಮಾತು ನಿಲ್ಲಿಸಿ ಕಾದೆ. ನೀನು ಮೆತ್ತಗೆ ಅಂಗಿ ವಿಷ್ಯ ಕೇಳ್ದೆ. ಕಿವೀಲಿ ಬೆಣೆ ಇದ್ದೋಳು ಅಷ್ಟು ಮೆತ್ತಗೆ ಕೇಳ್ತಾಳಾ?"

ನನ್ನ ಮುಷ್ಟಿಯಲ್ಲಿ ಬೆಣೆಗಳು ಬೆವರಿಗೆ ಒದ್ದೆಯಾಗಿದ್ದವು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ತಪ್ಪಾಯ್ತು ಅತ್ತೆ" ಎಂದೆ.

ಅತ್ತೆಯ ಭುಜ ಕುಲುಕಿತು. ಅಳುತ್ತಿದ್ದಾರೆ ಎಂದು ನಾನು ಹತ್ತಿರ ಹೋದರೆ, ನಗುತ್ತಿದ್ದರು! "ನಿನ್ನ ಜಾಗದಲ್ಲಿ ನಾನಿದ್ದು, ಅಲ್ಲಿ ನಮ್ಮತ್ತೆ ನಿಂತಿದ್ರೆ, ಇನ್ನೂ ಹತ್ತು ಪ್ರಶ್ನೆ ಕೇಳ್ತಿದ್ದೆ" ಎಂದರು. ಆಮೇಲೆ ಬಾಗಿಲ ಕಡೆ ತಿರುಗಿ ದನಿ ಎತ್ತಿದರು. "ಮೇಡಂ, ಒಂದೇ ಹೆಜ್ಜೆ ಕೇಳಿಸ್ತಲ್ಲ, ಎಷ್ಟೊತ್ತು ಮೆಟ್ಟಿಲ ಮೇಲೆ ಒಂಟಿಕಾಲಲ್ಲಿ ನಿಲ್ತೀರ? ಒಳಗೆ ಬನ್ನಿ. ಇವಳ ಹೆಸರು ಬರ್ಕೊಳ್ಳಿ."

ಮೇಡಂ ಒಳಗೆ ಬಂದು ನಮ್ಮಿಬ್ಬರ ಮುಖವನ್ನೂ ಒಮ್ಮೆ ನೋಡಿದರು. "ನಿಮಗೆ ಒಪ್ಪಿಗೆ ತಾನೇ, ಸೂಜಿಯಮ್ಮ?"

"ಒಪ್ಪಿಗೆ ಇಲ್ದೆ ಗಂಟಲು ಹರ್ಕೊಂಡ್ನಾ? ಇವಳ ಹೊಲಿಗೇಲಿ ತಪ್ಪು ಹುಡುಕಕ್ಕೆ ಆಗಲ್ಲ. ಬುದ್ಧೀಲಿ ಬೇಕಾದಷ್ಟಿದೆ, ಅದನ್ನ ಮನೇಲಿ ನಾನು ನೋಡ್ಕೋತೀನಿ."

ಮೇಡಂ ಕಾಗದವನ್ನು ಮಿಷನ್ನಿನ ಹಲಗೆಯ ಮೇಲೆ ಹರಡಿದರು. ನಾನು ಪೆನ್ನು ಹಿಡಿದೆ. ಆರು ವರ್ಷದಿಂದ ಕಾಯುತ್ತಿದ್ದ ಗಳಿಗೆ, ಆದರೆ ಕಾಗದದ ಗೆರೆ ನೀರಿನಲ್ಲಿ ಮುಳುಗಿದ ಹಾಗೆ ಕಾಣುತ್ತಿತ್ತು. "ಹೆಸರು ಎಲ್ಲಿ ಬರೀಬೇಕು, ತೋರ್ಸು" ಎಂದು ಅತ್ತೆ ಕೈ ಚಾಚಿದರು. ಅವರ ತೋರುಬೆರಳನ್ನು ಹಿಡಿದು ಗೆರೆಯ ಮೇಲೆ ಇಟ್ಟೆ. ನಲವತ್ತು ವರ್ಷ ಸೂಜಿ ಚುಚ್ಚಿ ಚುಚ್ಚಿ ತುದಿ ಒರಟಾದ ಬೆರಳು. ಅವರು ಅದನ್ನು ಕದಲಿಸದೆ ಒತ್ತಿ ಹಿಡಿದರು. ನಾನು ಅದರ ಪಕ್ಕದಿಂದ ನನ್ನ ಹೆಸರಿನ ಮೊದಲ ಅಕ್ಷರ ಬರೆದೆ. ಪೆನ್ನು ಜಾರಿ ಅವರ ಬೆರಳಿಗೆ ತಾಗಿತು.

"ಸೊಟ್ಟ ಹೋಗ್ತಿದ್ದೀಯ, ನೆಟ್ಟಗೆ ಹೋಗೇ!" ಎಂದರು ಅತ್ತೆ, ಎಂಟೂ ಮನೆಗೆ ಕೇಳುವ ಹಾಗೆ.